ಷಡ್ದರ್ಶನಸಮುಚ್ಚಯದಲ್ಲಿ ಆಸ್ತಿಕ-ನಾಸ್ತಿಕ ವಿವೇಕ

ಕ್ರಿ. ಶ. 8ನೆಯ ಶತಮಾನದ ಹರಿಭದ್ರಸೂರಿಗಳ ‘ಷಡ್ದರ್ಶನಸಮುಚ್ಚಯ’ವು 87 ಶ್ಲೋಕಗಳ ಕಿರುಗ್ರಂಥ. ಬೌದ್ಧ, ನೈಯಾಯಿಕ, ಸಾಂಖ್ಯ, ಜೈನ, ವೈಶೇಷಿಕ, ಜೈಮಿನೀಯ ಎಂಬ ಆರು ದರ್ಶನಗಳನ್ನು ದೇವತಾ-ತತ್ತ್ವಭೇದದಿಂದ ನಿರೂಪಿಸುವುದು ಇದರ ಉದ್ದೇಶ. ಪರಮತಗಳನ್ನು ಖಂಡನೆಗೆ ತೊಡಗದೆ ಸಂಗ್ರಹಿಸಿರುವುದರಿಂದ ಇದು ಮತಸಹಿಷ್ಣುತೆಯ ನಿದರ್ಶನವೆಂದು ಕೀರ್ತಿತವಾಗಿದೆ. ಈ ಪ್ರಶಂಸೆ ಯುಕ್ತವೇ. ಆದರೆ ಆ ಸಹಿಷ್ಣುತೆಯ ಸ್ವರೂಪವೇನು, ಅದರ ಎಲ್ಲೆ ಯಾವುದು ಎಂಬುದು ವಿಚಾರಣೀಯವಾಗಿದೆ.

ಮನುಸ್ಮೃತಿಯು ವೇದನಿಂದಕನನ್ನು ನಾಸ್ತಿಕನೆಂದಿತು. ಪಾಣಿನಿಯ 4.4.60ನೆಯ ಸೂತ್ರವನ್ನು ವಿವರಿಸುವ ಕಾಶಿಕಾವೃತ್ತಿಯಾದರೋ, ಪರಲೋಕವುಂಟೆಂಬ ಮತಿಯುಳ್ಳವನನ್ನೇ ಆಸ್ತಿಕನೆಂದಿತು. ಮೊದಲ ಲಕ್ಷಣದಂತೆ ಜೈನರು ನಾಸ್ತಿಕರು, ಎರಡನೆಯದರಂತೆ ಆಸ್ತಿಕರು. ಹರಿಭದ್ರರು ಬೌದ್ಧ-ಜೈನಗಳನ್ನೂ ಒಳಗೊಂಡ ಆರನ್ನು ನಿರೂಪಿಸಿದ ಮೇಲೆ ಅವೆಲ್ಲವನ್ನೂ ಆಸ್ತಿಕವಾದಗಳೆಂದೇ ಕರೆಯುತ್ತಾರೆ. ಸಾಂಖ್ಯರಲ್ಲಿ ಕೆಲವರು ನಿರೀಶ್ವರರೆಂದೂ ಸರ್ವಜ್ಞನಾದ ದೇವನಿಲ್ಲವೆಂಬುದು ಜೈಮಿನೀಯರ ಮತವೆಂದೂ ಅವರೇ ಹೇಳಿರುವುದು ಇಲ್ಲಿ ಸ್ಮರಣೀಯ. ಆದುದರಿಂದ ಅವರ ದೃಷ್ಟಿಯಲ್ಲಿ ಆಸ್ತಿಕ್ಯಕ್ಕೆ ಜಗತ್ಕರ್ತನ ಅಂಗೀಕಾರವಾಗಲಿ ವೇದಪ್ರಾಮಾಣ್ಯವಾಗಲಿ ನಿಯಾಮಕವಲ್ಲ.

ನ್ಯಾಯ-ವೈಶೇಷಿಕಗಳನ್ನು ಒಂದೇ ಎಂದು ಎಣಿಸುವವರ ಪಕ್ಷದಲ್ಲಿ ಆಸ್ತಿಕವಾದಗಳು ಐದೇ ಆಗುವುದರಿಂದ, ಆರರ ಸಂಖ್ಯೆಯನ್ನು ತುಂಬಲು ಲೋಕಾಯತವನ್ನು ಸೇರಿಸಲಾಗಿದೆ. ಜೀವನಿಲ್ಲ, ನಿರ್ವಾಣವಿಲ್ಲ, ಪುಣ್ಯಪಾಪಗಳಿಗೆ ಫಲವಿಲ್ಲ ಎಂಬ ಮತಕ್ಕೂ ಇಲ್ಲಿ ದರ್ಶನಗಳ ಸಾಲಿನಲ್ಲಿ ಎಡೆ ದೊರೆತಿರುವುದು ಗಣನೀಯ. ಆದರೂ ಅದು ಸಂಖ್ಯಾಪೂರಣಕ್ಕಾಗಿ ಬಂದ ಎಡೆ ಎಂಬುದನ್ನು ಮರೆಮಾಚಲಾಗದು. ಸಹಿಷ್ಣುತೆಯ ಎಲ್ಲೆ ಇಲ್ಲಿಯೇ ಗೋಚರಿಸುತ್ತದೆ.

20ನೆಯ ಶತಮಾನದಲ್ಲಿ ಅನೇಕಾಂತವನ್ನು ಬೌದ್ಧಿಕ ಅಹಿಂಸೆಯೆಂದು ವ್ಯಾಖ್ಯಾನಿಸುವ ಪರಿಪಾಟಿ ಬೆಳೆಯಿತು. ಇದರಿಂದ ಎಲ್ಲ ಮತಗಳೂ ಸಮಾನವಾಗಿ ಸತ್ಯವೆಂಬುದೇ ಜೈನಸಿದ್ಧಾಂತವೆಂಬ ಭ್ರಮೆ ಹುಟ್ಟುವುದುಂಟು. ಆಗಮಪರಂಪರೆ ಇದಕ್ಕೆ ಸಮ್ಮತಿಸದು. ಕ್ರಿಯಾವಾದದಲ್ಲಿ 180, ಅಕ್ರಿಯಾವಾದದಲ್ಲಿ 84, ಅಜ್ಞಾನವಾದದಲ್ಲಿ 67, ವಿನಯವಾದದಲ್ಲಿ 32, ಹೀಗೆ 363 ಪರಮತಗಳನ್ನು ಪರಂಪರೆ ಎಣಿಸಿದೆ. ತಿಳಿಯಲಾಗದು ಎನ್ನುವ ಅಜ್ಞಾನವಾದಿಯು ಪರರಿಗೆ ಉಪದೇಶಿಸುವುದು ಹೇಗೆಂದು ಸೂತ್ರಕೃತಾಂಗ ಪ್ರಶ್ನಿಸುತ್ತದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಂತೂ ಸಕಲ ದೇವತೆಗಳನ್ನೂ ಸಕಲ ಸಮಯಗಳನ್ನೂ ಸಮವಾಗಿ ಕಾಣುವ ವೈನಯಿಕವನ್ನು ಮಿಥ್ಯಾತ್ವದ ಐದು ಭೇದಗಳಲ್ಲಿ ಒಂದಾಗಿ ಪರಿಗಣಿಸಿದೆ. ಸ್ಯಾದ್ವಾದವು ಸಂಶಯವಾದವಲ್ಲ, ಅಪೇಕ್ಷಾಭೇದದಿಂದ ನಿಶ್ಚಿತವಾಗಿ ನುಡಿಯುವ ಕ್ರಮವದು.

ಹಾಗಾದರೆ ಸಹಿಷ್ಣುತೆಗೆ ಆಧಾರವೇನು? ಪರೀಕ್ಷೆಯೇ ಆಧಾರ. ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ, ದೇವಾಗಮಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅಷ್ಟಕ್ಕೇ ಜಿನನು ಪೂಜ್ಯನಲ್ಲವೆಂದು, ತಮ್ಮ ಆಪ್ತನನ್ನೇ ಮೊದಲು ಪರೀಕ್ಷೆಗೆ ಒಡ್ಡಿದರು. ತನ್ನದನ್ನು ಪರೀಕ್ಷಿಸಬಲ್ಲವನಿಗೇ ಪರಮತವನ್ನು ನ್ಯಾಯವಾಗಿ ಕೇಳುವ ಅಧಿಕಾರ.

ಶಾಸನಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. 1368ರ ಶ್ರವಣಬೆಳಗೊಳದ ಶಾಸನದಲ್ಲಿ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಆದರೆ ಆ ಮಾತಿಗೆ ಬಲ ಬಂದುದು ಪಂಚಮಹಾವಾದ್ಯ-ಕಲಶಗಳ ಹಕ್ಕು ಉಳಿದುದರಿಂದ, ಬೆಳಗೊಳಕ್ಕೆ ಕಾವಲು ಏರ್ಪಟ್ಟುದರಿಂದ. ತತ್ತ್ವಭೇದವನ್ನು ಅಳಿಸದೆಯೂ ಸಹಬಾಳ್ವೆ ಸಾಧ್ಯ.

ಹರಿಭದ್ರರು ಕೊನೆಯಲ್ಲಿ ತೀರ್ಪನ್ನು ನೀಡದೆ, ತಾತ್ಪರ್ಯವನ್ನು ಪರ್ಯಾಲೋಚಿಸುವ ಹೊಣೆಯನ್ನು ಸುಬುದ್ಧಿಗಳಿಗೆ ಬಿಟ್ಟಿದ್ದಾರೆ. ಲೋಕಾಯತಕ್ಕೂ ಆ ಪರ್ಯಾಲೋಚನೆ ಸಲ್ಲಬೇಕು. ಅವರು ತುಂಬಿದ ಸಂಖ್ಯೆಗೆ ಅರ್ಥ ತುಂಬುವುದು ಓದುವವರ ಕೆಲಸ.