ಟಿಕ್ ಟಕ್ ಸಮ ಬಂದಾಗ

ಕಳೆದ ತಿಂಗಳು ತೀರ್ಥಹಳ್ಳಿ ಕಡೆಯ ನೆಂಟರ ಮನೆಗೆ ಹೋಗಿದ್ದೆ. ಜಗಲಿಯ ಗೋಡೆಯಲ್ಲಿ ಒಂದು ಹಳೆಯ ಅಮೆರಿಕನ್ ಆನ್ಸೋನಿಯಾ ಗಡಿಯಾರ ಎರಡೂ ಕಾಲಿಗೆ ನಿಂತಿತ್ತು. ಕಾಫಿ ಲೋಟ ಕೈಗಿಟ್ಟ ಅಕ್ಕ, "ಅದು ಓಡಲ್ಲ ಮಾರಾಯ. ಮಾವ ಹೋದ ಮೇಲೆ ನಿಂತಿದ್ದು ಮತ್ತೆ ಓಡಲೇ ಇಲ್ಲ. ಪೇಟೆಗೆ ಹೊತ್ತುಕೊಂಡು ಹೋಗಿ ತೋರಿಸಿದ್ವಿ. ಮಿಷನ್ ಸವೆದಿದೆ ಅಂದ್ರು" ಎಂದಳು.

ಗಾಜಿನ ಬಾಗಿಲು ತೆಗೆದು ನಾಲ್ಕಾರು ಸುತ್ತು ಕೀ ಕೊಟ್ಟು, ಲೋಲಕವನ್ನು ಬೆರಳಿನಿಂದ ಒಂದು ಕಡೆಗೆ ಸರಿಸಿ ಬಿಟ್ಟೆ. ಟಿಕ್‌ಟಕ್... ಟಿಕ್‌ಟಕ್... ಟಿಕ್‌ಟಕ್. ಜೋಡಿ ಜೋಡಿಯಾಗಿ ಬರುವ ಸದ್ದು, ನಡುವೆ ಒಂದು ಖಾಲಿ. ಕುಂಟುವವರ ಹೆಜ್ಜೆಯ ಹಾಗೆ. ಎರಡು ನಿಮಿಷಕ್ಕೆ ನಿಂತುಹೋಯಿತು. "ಗೋಡೆಗೆ ಸುಣ್ಣ ಬಳಿಸಿದ್ದು ಯಾವಾಗ?" ಎಂದು ಕೇಳಿದೆ. ಮಾವನ ಕಾರ್ಯವೆಲ್ಲ ಮುಗಿದ ಮೇಲೆ ಬಳಿಸಿದ್ದಂತೆ. ಆಗ ಗಡಿಯಾರ ಇಳಿಸಿದ್ದರು, ಆಮೇಲೆ ಹೊಸ ಮೊಳೆಗೆ ನೇತುಹಾಕಿದ್ದರು.

ಲೋಲಕವನ್ನು ಮತ್ತೆ ಆಡಿಸಿ, ಪೆಟ್ಟಿಗೆಯ ಮರಕ್ಕೆ ಕಿವಿಯಾನಿಸಿ, ಅದರ ಬುಡವನ್ನು ಕೂದಲೆಳೆಯಷ್ಟು ಎಡಕ್ಕೆ ತಳ್ಳಿದೆ. ಖಾಲಿ ಸ್ವಲ್ಪ ಕಿರಿದಾಯಿತು. ಇನ್ನಷ್ಟು ತಳ್ಳಿದೆ. ಹೆಬ್ಬೆರಳಿನ ಅಗಲದಷ್ಟು ಸರಿಯುವ ಹೊತ್ತಿಗೆ ಸದ್ದು ಸಮವಾಯಿತು: ಟಿಕ್, ಟಕ್, ಟಿಕ್, ಟಕ್. ಅಲ್ಲೇ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ನೋಡುವ ಕಣ್ಣಿಗೆ ಪೆಟ್ಟಿಗೆ ಈಗ ತುಸು ವಾರೆಯಾಗಿತ್ತು, ಅಕ್ಕನಿಗೆ ಅದು ಹಿಡಿಸಲಿಲ್ಲ. ಆದರೆ ಗಡಿಯಾರ ಓಡತೊಡಗಿತು.

ಹಳೆಯ ಗಡಿಯಾರಗಳ ಜೊತೆ ಇಷ್ಟು ವರ್ಷ ಕಳೆದ ಮೇಲೆ ನನಗೆ ಖಾತ್ರಿಯಾದ ಸಂಗತಿ ಇದು. ಕೆಟ್ಟಿದೆ ಎಂದು ಅಟ್ಟಕ್ಕೆ ಹಾಕಿದ ಎಷ್ಟೋ ಗಡಿಯಾರಗಳು ಕೆಟ್ಟಿರುವುದಿಲ್ಲ, ಅವುಗಳ ತಾಳ ತಪ್ಪಿರುತ್ತದೆ. ಅದನ್ನು ಕಂಡುಹಿಡಿಯುವುದು ಕಣ್ಣಲ್ಲ, ಕಿವಿ.

ಯಾಕೆ ಹೀಗೆ ಎಂದು ತಿಳಿಯಲು ಒಳಗೆ ನೋಡಬೇಕು. ಕೀ ಕೊಟ್ಟಾಗ ಸುತ್ತಿಕೊಳ್ಳುವ ಉಕ್ಕಿನ ಪಟ್ಟಿ, ಅಂದರೆ ಸ್ಪ್ರಿಂಗ್, ಬಿಚ್ಚಿಕೊಳ್ಳಲು ಹವಣಿಸುತ್ತದೆ. ಅದರ ಬಲ ಒಂದರಿಂದೊಂದು ಹಲ್ಲಿನ ಚಕ್ರಕ್ಕೆ ದಾಟುತ್ತ ಕೊನೆಯ ಚಕ್ರಕ್ಕೆ ಬರುತ್ತದೆ. ಅಡ್ಡಿಯಿಲ್ಲದಿದ್ದರೆ ಆ ಚಕ್ರ ಭರ್ರನೆ ತಿರುಗಿ ವಾರದ ಬಲವೆಲ್ಲ ಕೆಲವೇ ನಿಮಿಷದಲ್ಲಿ ಖಾಲಿಯಾಗುತ್ತಿತ್ತು. ಅಡ್ಡ ನಿಲ್ಲುವುದು ಲಂಗರಿನ ಆಕಾರದ, ಎರಡು ಕೊಕ್ಕಿನ ಒಂದು ತುಂಡು. ಲೋಲಕ ಒಂದು ಕಡೆಗೆ ಹೋದಾಗ ಒಂದು ಕೊಕ್ಕು ಎದ್ದು ಒಂದು ಹಲ್ಲನ್ನು ಬಿಡುತ್ತದೆ, ಅಷ್ಟರಲ್ಲಿ ಇನ್ನೊಂದು ಕೊಕ್ಕು ಬೇರೊಂದು ಹಲ್ಲನ್ನು ಹಿಡಿಯುತ್ತದೆ. ಹಲ್ಲು ಕೊಕ್ಕಿಗೆ ಬಡಿದ ಸದ್ದೇ ಟಿಕ್. ಆಚೆಯ ಕೊಕ್ಕಿನದು ಟಕ್. ಜಾರಿ ಹೋಗುವಾಗ ಪ್ರತಿ ಹಲ್ಲೂ ಕೊಕ್ಕನ್ನು ಚೂರು ನೂಕಿಯೇ ಹೋಗುತ್ತದೆ. ಲೋಲಕ ಸೋತು ನಿಲ್ಲದಿರುವುದು ಆ ನೂಕಿನಿಂದ. ಲೋಲಕ ಚಕ್ರವನ್ನು ಅಂಕೆಯಲ್ಲಿಡುತ್ತದೆ, ಚಕ್ರ ಲೋಲಕವನ್ನು ಜೀವಂತ ಇಡುತ್ತದೆ. ಎಷ್ಟು ಸಲ ನೋಡಿದರೂ ಈ ಕೊಡುಕೊಳ್ಳುವಿಕೆ ನನಗೆ ಹಳತಾಗಿಲ್ಲ.

ಪೆಟ್ಟಿಗೆ ವಾರೆಯಾದರೆ ಒಂದು ಬದಿಯ ಹಲ್ಲು ಬೇಗ ಬಿಡುಗಡೆಯಾಗುತ್ತದೆ, ಇನ್ನೊಂದು ಬದಿಯದಕ್ಕೆ ಲೋಲಕ ಹೆಚ್ಚು ದೂರ ಹೋಗಬೇಕು. ಅಷ್ಟು ದೂರ ಹೋಗಲಾರದ ದಿನ ಗಡಿಯಾರ ನಿಲ್ಲುತ್ತದೆ. ಹಾಗೆಂದು ಗಾರೆಯವರ ಮಟ್ಟಗೋಲು ಹಿಡಿದು ನೇರ ಮಾಡಿದರೆ ಸರಿಹೋಗುತ್ತದೆ ಎನ್ನಲಾಗದು. ಲೋಲಕವನ್ನು ಹಿಡಿದುಕೊಂಡಿರುವ ಸಣ್ಣ ಕಂಬಿಯನ್ನು ಹಿಂದೆ ಯಾರೋ ಬಗ್ಗಿಸಿರಬಹುದು. ಅಕ್ಕನ ಮನೆಯದರಲ್ಲಿ ಆಗಿದ್ದೂ ಅದೇ. ಆ ಕಂಬಿಯನ್ನು ಹಗುರವಾಗಿ ಒತ್ತಿ ಸರಿಪಡಿಸಿದರೆ ಪೆಟ್ಟಿಗೆ ನೇರ ನಿಂತೂ ತಾಳ ಸಮ ಬರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಹಾಗೇ ಮಾಡಿ ಅಕ್ಕನನ್ನು ಸಮಾಧಾನಪಡಿಸಿದೆ.

ಲೋಲಕವನ್ನು ಗಡಿಯಾರಕ್ಕೆ ಕಟ್ಟಿದವರು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್, 1656ರಲ್ಲಿ. ಅದಕ್ಕೂ ಮೊದಲಿನ ಗಡಿಯಾರಗಳು ದಿನಕ್ಕೆ ಕಾಲು ಗಂಟೆ ಆಚೀಚೆಯಾಗುತ್ತಿದ್ದವು. ಲೋಲಕ ಬಂದ ಮೇಲೆ ಆ ತಪ್ಪು ನಿಮಿಷದೊಳಕ್ಕೆ ಇಳಿಯಿತು. ಲೋಲಕದ ಗುಟ್ಟು ಅದರ ಉದ್ದ. ಗುಂಡಿನ ತೂಕ ಹೆಚ್ಚಿಸಿದರೆ ವೇಗ ಬದಲಾಗುವುದಿಲ್ಲ. ಸುಮಾರು 99.4 ಸೆಂಟಿಮೀಟರ್ ಉದ್ದದ ಲೋಲಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಒಂದು ಸೆಕೆಂಡ್ ತೆಗೆದುಕೊಳ್ಳುತ್ತದೆ. ಅರ್ಧ ಸೆಕೆಂಡ್ ಬೇಕಾದರೆ ಉದ್ದ ಅರ್ಧ ಮಾಡಿದರೆ ಸಾಲದು, ಕಾಲು ಭಾಗಕ್ಕೆ ಇಳಿಸಬೇಕು, ಅಂದರೆ ಸುಮಾರು 25 ಸೆಂಟಿಮೀಟರ್. ಅಂಥ ಲೋಲಕ ದಿನಕ್ಕೆ 1,72,800 ಸಲ ಬಡಿಯುತ್ತದೆ, ವಾರಕ್ಕೆ 12 ಲಕ್ಷ ಮೀರುತ್ತದೆ. ಅದರ ಉದ್ದದಲ್ಲಿ ಒಂದೇ ಒಂದು ಮಿಲಿಮೀಟರ್ ವ್ಯತ್ಯಾಸವಾದರೆ ದಿನಕ್ಕೆ ಹತ್ತಿರ ಹತ್ತಿರ 3 ನಿಮಿಷ ಹೆಚ್ಚುಕಡಿಮೆ. ಆದ್ದರಿಂದ ಗುಂಡಿನ ಕೆಳಗಿನ ತಿರುಪನ್ನು ಒಮ್ಮೆಗೆ ಅರ್ಧ ಸುತ್ತಿಗಿಂತ ಹೆಚ್ಚು ಮುಟ್ಟಬೇಡಿ. ಗಡಿಯಾರ ಹಿಂದೆ ಬಿದ್ದರೆ ಗುಂಡನ್ನು ಏರಿಸಿ, ಮುಂದೆ ಓಡಿದರೆ ಇಳಿಸಿ. ತಿರುಗಿಸಿದ ಮೇಲೆ ಪೂರ್ತಿ ಒಂದು ದಿನ ಕಾಯಿರಿ. ಹತ್ತು ನಿಮಿಷಕ್ಕೊಮ್ಮೆ ಬಂದು ತಿರುಪು ತಿರುಗಿಸುವವರ ಗಡಿಯಾರ ಎಂದೂ ಸರಿಯಾಗುವುದಿಲ್ಲ.

ಕೀ ಕೊಡುವುದಕ್ಕೆ ನಮ್ಮ ಮನೆಗಳಲ್ಲಿ ಒಂದು ವಾರ ಗೊತ್ತಾಗಿರುತ್ತಿತ್ತು, ಹೆಚ್ಚಾಗಿ ಭಾನುವಾರ. ಅದರಲ್ಲಿ ವಿವೇಕವಿದೆ. ಗಡಿಯಾರ ಎಂಟು ದಿನ ಓಡುತ್ತದೆ. ಆದರೆ ಬಿಗಿಯಾಗಿ ಸುತ್ತಿದ ಸ್ಪ್ರಿಂಗ್‌ನ ಬಲ ಮೊದಲ ದಿನ ಇದ್ದಂತೆ ಕೊನೆಯ ದಿನ ಇರುವುದಿಲ್ಲ. ಏಳನೆಯ ದಿನವೇ ಕೀ ಕೊಟ್ಟರೆ ಆ ನಿತ್ರಾಣದ ಕೊನೆಯ ಗಳಿಗೆಗಳು ಬರುವುದೇ ಇಲ್ಲ. ಡಯಲಿನ ಬಲ ತೂತು ಸಾಮಾನ್ಯವಾಗಿ ಓಟದ್ದು, ಎಡದ್ದು ಗಂಟೆ ಹೊಡೆಯುವುದಕ್ಕೆ. ಎಡಗೈಯಲ್ಲಿ ಪೆಟ್ಟಿಗೆ ಹಿಡಿದು, ಬಲಗೈಯಲ್ಲಿ ನಿಧಾನ ತಿರುಗಿಸಬೇಕು. ಅರ್ಧ ಸುತ್ತಿಗೊಮ್ಮೆ ಕೈ ಬದಲಿಸುವಾಗ ಒಳಗಿನ ಕೊಕ್ಕೆ ಹಲ್ಲಿಗೆ ಕೂತ ಸದ್ದು ಕೇಳುವ ತನಕ ಕೀ ಬಿಡಬಾರದು. ಹಾಗೆ ಬಿಟ್ಟರೆ ಸ್ಪ್ರಿಂಗ್ ಕೀಯನ್ನು ಹಿಂದಕ್ಕೆ ತಿರುಗಿಸಿ ಬೆರಳಿಗೆ ಬಡಿಯುತ್ತದೆ, ಚಕ್ರದ ಹಲ್ಲೂ ಮುರಿದೀತು.

"ಮಕ್ಕಳು ಜಾಸ್ತಿ ಕೀ ಕೊಟ್ಟು ಕೆಡಿಸಿಬಿಟ್ಟವು" ಎಂಬ ದೂರು ಮನೆಮನೆಯಲ್ಲೂ ಇದೆ. ಆ ಮಕ್ಕಳ ಪರವಾಗಿ ಹೇಳುತ್ತೇನೆ, ಪೂರ್ತಿ ಸುತ್ತಿದ್ದರಿಂದ ಗಡಿಯಾರ ನಿಲ್ಲುವುದಿಲ್ಲ. ಎಣ್ಣೆ ಒಣಗಿ ಅಂಟಾದ ಗಡಿಯಾರ ನಿಂತಿರುತ್ತದೆ, ನಿಂತಿದ್ದಕ್ಕೇ ಎಲ್ಲರೂ ಇನ್ನಷ್ಟು ಕೀ ಕೊಡುತ್ತಾರೆ. ಎಣ್ಣೆಯ ಮಾತು ಬಂತು. ಮಲೆನಾಡಿನಲ್ಲಿ ಎಷ್ಟೋ ಗಡಿಯಾರಗಳಿಗೆ ಕೊಬ್ಬರಿ ಎಣ್ಣೆ ಬಿಟ್ಟಿರುವುದನ್ನು ನೋಡಿ ಸಂಕಟಪಟ್ಟಿದ್ದೇನೆ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಮಾರ್ಗಶಿರದ ಚಳಿಗೆ ಗಡಿಯಾರ ನಿಲ್ಲದೆ ಇನ್ನೇನು ಮಾಡೀತು? ಎಣ್ಣೆ ಬೇಕಿರುವುದು ಅಚ್ಚಿನ ತುದಿಗಳಿಗೆ ಮತ್ತು ಲಂಗರಿನ ಕೊಕ್ಕುಗಳಿಗೆ, ಅದೂ ಗಡಿಯಾರದ ಎಣ್ಣೆ, ಸೂಜಿಮೊನೆಯಷ್ಟು. ಚಕ್ರದ ಹಲ್ಲುಗಳಿಗೆ ಬೇಡವೇ ಬೇಡ, ಅಲ್ಲಿ ಧೂಳು ಕೂತು ಉಜ್ಜುಗಲ್ಲಾಗುತ್ತದೆ.

ಮುಳ್ಳು ಸರಿಪಡಿಸುವಾಗ ದೊಡ್ಡ ಮುಳ್ಳನ್ನು ಮುಂದಕ್ಕೇ ತಿರುಗಿಸಬೇಕು. ಅರ್ಧ ಗಂಟೆ, ಗಂಟೆ ಬಂದಾಗ ನಿಲ್ಲಿಸಿ, ಹೊಡೆಯುವುದು ಮುಗಿದ ಮೇಲೆ ಮುಂದುವರಿಯಬೇಕು. ಐದು ನಿಮಿಷ ಮುಂದಿದ್ದರೆ ಹಿಂದಕ್ಕೆ ತಿರುಗಿಸುವ ಬದಲು ಲೋಲಕ ನಿಲ್ಲಿಸಿ ಐದು ನಿಮಿಷ ಕೂತುಕೊಳ್ಳಿ.

ಅಕ್ಕನ ಮನೆಯ ಗಡಿಯಾರ ಓಡಿತೇನೋ ಸರಿ, ನಾಲ್ಕು ಗಂಟೆಗೆ ಒಂಬತ್ತು ಹೊಡೆಯಿತು. ಮನೆಯವರೆಲ್ಲ ನಕ್ಕರು. ಅದರ ತಪ್ಪಿಲ್ಲ. ಈ ಅಮೆರಿಕನ್ ಗಡಿಯಾರಗಳಲ್ಲಿ ಹೊಡೆತದ ಲೆಕ್ಕ ಒಂದು ಬಿಲ್ಲೆಯ ಅಂಚಿನಲ್ಲಿದೆ. ಆ ಅಂಚಿನಲ್ಲಿ ಕಚ್ಚುಗಳಿವೆ, ಕಚ್ಚಿನಿಂದ ಕಚ್ಚಿಗೆ ಅಂತರ ಹೆಚ್ಚುತ್ತ ಹೋಗುತ್ತದೆ. ಅಲ್ಲಿ ಓಡಾಡುವ ಒಂದು ಕಡ್ಡಿ ಕಚ್ಚಿಗೆ ಬಿದ್ದಾಗ ಹೊಡೆತ ನಿಲ್ಲುತ್ತದೆ. ಬಿಲ್ಲೆಗೆ ಮುಳ್ಳು ಎಲ್ಲಿದೆ ಎಂದು ಗೊತ್ತಿಲ್ಲ. ಮೂರಾದ ಮೇಲೆ ನಾಲ್ಕು, ನಾಲ್ಕಾದ ಮೇಲೆ ಐದು, ಅಷ್ಟೇ ಗೊತ್ತು. ಎಡದ ಸ್ಪ್ರಿಂಗ್ ಒಮ್ಮೆ ಖಾಲಿಯಾದರೆ ಮುಳ್ಳು ಒಂದು ದಾರಿ, ಗಂಟೆ ಒಂದು ದಾರಿ. ಅದಕ್ಕೆಂದೇ ಹಲವು ಗಡಿಯಾರಗಳಲ್ಲಿ ಡಯಲಿನ ಕೆಳಗೆ ಒಂದು ತಂತಿ ಇಳಿಬಿದ್ದಿರುತ್ತದೆ. ಅದನ್ನು ಮೇಲಕ್ಕೆತ್ತಿದಾಗೆಲ್ಲ ಗಡಿಯಾರ ಮುಂದಿನ ಲೆಕ್ಕ ಹೊಡೆಯುತ್ತದೆ. ಎತ್ತುತ್ತ ಹೋದೆ. ಹತ್ತು, ಹನ್ನೊಂದು, ಹನ್ನೆರಡು, ನಡುನಡುವೆ ಅರ್ಧದ ಒಂಟಿ ಹೊಡೆತಗಳು. ಒಳಗಿನ ಸುರುಳಿ ತಂತಿಗೆ ಸುತ್ತಿಗೆ ಬಿದ್ದಾಗ ಬರುವ ಆ ಢಣ್ ಎಂಬ ನಾದ ಜಗಲಿ ದಾಟಿ ಅಂಗಳಕ್ಕೆ ಹೋಗುತ್ತಿತ್ತು. ಅಡುಗೆಮನೆಯಿಂದ ಅತ್ತೆ ಕೈ ಒರೆಸುತ್ತ ಬಂದರು. ಮಾವನವರ ಹೆಂಡತಿ, ಎಂಬತ್ತು ದಾಟಿದವರು. ಮಾತಾಡದೆ ಬಾಗಿಲಿಗೊರಗಿ ನಿಂತು, ನಾಲ್ಕು ಮುಗಿಯುವ ತನಕ ಎಣಿಸಿದರು.

ಮೊನ್ನೆ ಭಾನುವಾರ ಅಕ್ಕ ಫೋನು ಮಾಡಿದ್ದಳು. ವಾರಕ್ಕೆ ನಾಲ್ಕು ನಿಮಿಷ ಮುಂದಿದೆಯಂತೆ. ತಿರುಪನ್ನು ಅರ್ಧ ಸುತ್ತಿಗಿಂತ ಸ್ವಲ್ಪ ಕಡಿಮೆ ಇಳಿಸಲು ಹೇಳಿದೆ. ಕೀ ಮಾತ್ರ ಅತ್ತೆಯೇ ಕೊಡುತ್ತಾರಂತೆ, ಬೇರೆಯವರಿಗೆ ಬಿಡುವುದಿಲ್ಲವಂತೆ.