ಒಂದೇ ಕಪ್ಪಿನ ಹಲವು ಛಾಯೆ

ಬಿಳಿ ದಾರದಲ್ಲಿ ಲೇಸ್ ಹೆಣೆದು ಕೈ ಪಳಗಿದವರೂ ಕಪ್ಪು ದಾರ ಎತ್ತಿಕೊಂಡ ದಿನ ಹೊಸಬರಾಗಿಬಿಡುತ್ತಾರೆ. ದಿಂಬು ಅದೇ, ಬಾಬಿನ್‌ಗಳು ಅವೇ, ಕೈ ಮಾಡುವ ಕೆಲಸವೂ ಅದೇ. ಸೋಲುವುದು ಕಣ್ಣು. ಬಿಳಿ ಎಳೆಯ ಮೇಲೆ ಬೆಳಕು ಬಿದ್ದಾಗ ಒಂದು ಮಗ್ಗುಲು ಹೊಳೆಯುತ್ತದೆ, ಇನ್ನೊಂದು ನೆರಳಾಗುತ್ತದೆ. ಯಾವ ಎಳೆ ಮೇಲೆ ಹಾಯಿತು, ಯಾವುದು ಕೆಳಗೆ ನುಸುಳಿತು ಎನ್ನುವುದು ಆ ನೆರಳಿನಿಂದಲೇ ಗೊತ್ತಾಗುವುದು. ಕಪ್ಪು ಎಳೆ ಬೆಳಕನ್ನೆಲ್ಲ ನುಂಗಿ ಕೂತುಬಿಡುತ್ತದೆ. ಎರಡು ಎಳೆ ದಾಟಿದ ಜಾಗ ಬರೀ ಒಂದು ಚುಕ್ಕೆ. ಹಾಗಾಗಿ ಕಪ್ಪಿನಲ್ಲಿ ಹೆಣೆಯುವವರು ಎಳೆಯನ್ನು ನೋಡುವುದು ಬಿಟ್ಟು ಎಳೆಗಳ ನಡುವಿನ ಕಿಂಡಿಯನ್ನು ನೋಡಲು ಕಲಿಯುತ್ತಾರೆ. ಕಿಂಡಿಗಳು ಸಮವಾಗಿದ್ದರೆ ಹೆಣಿಗೆ ಸರಿ. ಒಂದು ಕಿಂಡಿ ಓರೆಯಾದರೂ ಹಿಂದೆಲ್ಲೋ ಒಂದು ತಿರುವು ತಪ್ಪಿದೆ.

ಬಾಬಿನ್ ಲೇಸ್ ಹುಟ್ಟುವ ಬಗೆ ಹೇಳಲು ಸುಲಭ, ಮಾಡಲು ಕಷ್ಟ. ಗಟ್ಟಿಯಾಗಿ ತುಂಬಿದ ದಿಂಬಿನ ಮೇಲೆ ತೂತು ಚುಚ್ಚಿದ ನಕ್ಷೆ. ಹಿಂದೆ ಅದು ಚರ್ಮಪತ್ರ, ಈಗ ದಪ್ಪ ಕಾಗದ. ನಮ್ಮ ಚುಕ್ಕಿ ರಂಗೋಲಿಯ ಹಾಗೆ ಇಡೀ ವಿನ್ಯಾಸ ಆ ತೂತುಗಳ ಲೆಕ್ಕದ ಮೇಲೆ ನಿಂತಿರುತ್ತದೆ. ಎಳೆಗಳ ತುದಿಗೆ ಒಂದೊಂದು ಬಾಬಿನ್, ಅಂದರೆ ದಾರ ಸುತ್ತಿದ ಸಣ್ಣ ಕಡ್ಡಿ. ಬಾಬಿನ್‌ಗಳು ಯಾವಾಗಲೂ ಜೋಡಿಯಾಗಿ ಓಡಾಡುತ್ತವೆ. ಎರಡು ಜೋಡಿ, ನಾಲ್ಕು ಎಳೆ ಕೈಗೆ ತೆಗೆದುಕೊಂಡು ಮಾಡುವ ಚಲನೆ ಎರಡೇ: ನಡುವಿನ ಎರಡನ್ನು ಎಡದಿಂದ ಬಲಕ್ಕೆ ದಾಟಿಸುವುದು, ಆಮೇಲೆ ಆಚೀಚಿನ ಜೋಡಿಗಳನ್ನು ಬಲದಿಂದ ಎಡಕ್ಕೆ ತಿರುವುವುದು. ನಂತರ ತೂತಿಗೆ ಒಂದು ಗುಂಡುಸೂಜಿ ಚುಚ್ಚಿ ಹೆಣಿಗೆ ಸಡಿಲವಾಗದಂತೆ ಹಿಡಿದಿಡುವುದು. ಜಗತ್ತಿನ ಅತಿ ಸೂಕ್ಷ್ಮ ಬಾಬಿನ್ ಲೇಸ್ ಕೂಡ ಈ ದಾಟು, ತಿರುವುಗಳಿಂದಲೇ ಆಗಿದೆ.

ಒಮ್ಮೆ ದಾಟಿಸಿ ಒಮ್ಮೆ ತಿರುವಿದರೆ ಅರೆಹೆಣಿಗೆ. ಎಳೆಗಳು ಓರೆಯಾಗಿ ಹರಡಿಕೊಳ್ಳುತ್ತವೆ, ನಡುವೆ ಸಣ್ಣ ನಕ್ಷತ್ರದಂಥ ಕಿಂಡಿಗಳು ಉಳಿಯುತ್ತವೆ. ದಾಟಿಸಿ, ತಿರುವಿ, ಮತ್ತೊಮ್ಮೆ ದಾಟಿಸಿದರೆ ಎಳೆಗಳು ಒತ್ತಾಗಿ, ಮಗ್ಗದಲ್ಲಿ ನೇಯ್ದ ಬಟ್ಟೆಯಂತೆ ಕೂಡಿಕೊಳ್ಳುತ್ತವೆ. ಇವೆರಡರ ನಡುವಿನ ವ್ಯತ್ಯಾಸದಲ್ಲೇ ಕಪ್ಪು ಲೇಸಿನ ಕಲೆಯೆಲ್ಲ ಅಡಗಿದೆ.

ಫ್ರಾನ್ಸಿನ ಶಾಂಟಿಯಿ ಲೇಸನ್ನು ಹತ್ತಿರದಿಂದ ನೋಡಿದವರಿಗೆ ಇದು ತಕ್ಷಣ ಕಾಣುತ್ತದೆ. ಅದರಲ್ಲಿ ಗುಲಾಬಿಯ ದಳ ಬಹುಪಾಲು ಅರೆಹೆಣಿಗೆಯಲ್ಲಿ ಇರುತ್ತದೆ. ಅದರಡಿ ಬಿಳಿ ಬಟ್ಟೆ ಇಟ್ಟರೆ ದಳ ಕಪ್ಪಾಗಿ ಕಾಣುವುದಿಲ್ಲ, ತಿಳಿಬೂದಾಗಿ ಕಾಣುತ್ತದೆ. ದಳ ಮಡಿಚಿಕೊಂಡ ಕಡೆ, ಎಲೆಯ ನಡುನರದಲ್ಲಿ, ಹೆಣಿಗೆ ಒತ್ತಾಗಿ ಬೂದು ಗಾಢವಾಗುತ್ತದೆ. ಹೂವಿನ ಸುತ್ತ ಹೊಸೆಯದ ರೇಷ್ಮೆಯ ದಪ್ಪ ಎಳೆಯೊಂದು ಗೆರೆ ಎಳೆದಂತೆ ಓಡುತ್ತದೆ. ನಿಜವಾದ ಕಪ್ಪು ಎಂದರೆ ಅದೊಂದೇ. ಹಿನ್ನೆಲೆಯ ಬಲೆ ಇರುವುದೇ ಗೊತ್ತಾಗದಷ್ಟು ತೆಳು. ದಾರದ ಬಣ್ಣ ಒಂದೇ, ಕಣ್ಣಿಗೆ ಸಿಗುವ ಛಾಯೆ ಮೂರು ನಾಲ್ಕು. ಬಿಳಿ ಲೇಸಿನಲ್ಲೂ ಇದೇ ಹೆಣಿಗೆಗಳಿವೆ, ಆದರೆ ಅಲ್ಲಿ ಛಾಯೆ ಇಷ್ಟು ಸ್ಪಷ್ಟವಾಗಿ ಬಿಡಿಸಿಕೊಳ್ಳುವುದಿಲ್ಲ. ಕಪ್ಪು ಲೇಸ್ ಎಂದರೆ ಬಿಳಿ ಲೇಸಿಗೆ ಬಣ್ಣ ಹಾಕಿದ್ದು ಎಂದುಕೊಳ್ಳುವವರು ಶಾಂಟಿಯಿಯ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅದು ಬೇರೆಯದೇ ಚಿತ್ರಕಲೆ.

ಈ ಲೇಸಿಗೆ ಬಳಸುತ್ತಿದ್ದ ರೇಷ್ಮೆಯೂ ಬೇರೆ. ದಕ್ಷಿಣ ಫ್ರಾನ್ಸಿನ ಅಲೆಸ್ ಪಟ್ಟಣದ ಹೆಸರಿನಲ್ಲಿ ಬರುತ್ತಿದ್ದ ಗ್ರೆನಡೀನ್ ರೇಷ್ಮೆಗೆ ಬಿಗಿಯಾದ ಹೊಸೆತ ಕೊಡುತ್ತಿದ್ದರು. ಹೊಸೆತ ಹೆಚ್ಚಿದಷ್ಟೂ ಹೊಳಪು ಸಾಯುತ್ತದೆ. ಮುಟ್ಟದೆ ನೋಡಿದರೆ ಅದು ರೇಷ್ಮೆಯೆಂದು ನಂಬುವುದೇ ಕಷ್ಟ. ಹತ್ತಿಯೋ ನಾರಗಸೆಯೋ ಎನ್ನಿಸುತ್ತದೆ. ಹೊಳಪನ್ನು ಬೇಕೆಂದೇ ತೆಗೆದ ಆ ತೀರ್ಮಾನ ಮೆಚ್ಚುವಂಥದ್ದು. ಹೊಳೆಯುವ ರೇಷ್ಮೆಯಲ್ಲಿ ಛಾಯೆಗಳು ಕಲಸಿಹೋಗುತ್ತಿದ್ದವು.

ಪ್ಯಾರಿಸ್ಸಿನ ಉತ್ತರಕ್ಕಿರುವ ಶಾಂಟಿಯಿಯಲ್ಲಿ 17ನೇ ಶತಮಾನದಲ್ಲಿ ಬೇರೂರಿದ ಈ ಕಸುಬಿಗೆ ಅರಮನೆಯವರೇ ದೊಡ್ಡ ಗಿರಾಕಿಗಳು. 1789ರ ಕ್ರಾಂತಿಯಲ್ಲಿ ಗಿರಾಕಿಗಳ ಜತೆ ಕಸುಬೂ ಕುಸಿಯಿತು. ನೆಪೋಲಿಯನ್ ಕಾಲಕ್ಕೆ ಚೇತರಿಸಿಕೊಂಡಿತಾದರೂ, ರಾಜಧಾನಿಯ ಸಮೀಪದ ಊರಿನಲ್ಲಿ ಕೂಲಿ ದುಬಾರಿ ಎಂದು ವ್ಯಾಪಾರಿಗಳು ಕೆಲಸವನ್ನು ನಾರ್ಮಂಡಿಯ ಬಾಯೋ ಮತ್ತು ಕಾನ್ ಊರುಗಳಿಗೂ ಬೆಲ್ಜಿಯಂನ ಗ್ರಾಮೋಂ ಊರಿಗೂ ದಾಟಿಸಿದರು. 19ನೇ ಶತಮಾನದ ಅತ್ಯುತ್ತಮ ‘ಶಾಂಟಿಯಿ’ ಶಾಲುಗಳು ಹೆಣೆದದ್ದು ಶಾಂಟಿಯಿಯಲ್ಲಲ್ಲ, ಈ ಊರುಗಳಲ್ಲಿ. ಹೆಸರು ಮಾತ್ರ ಹಳೆಯ ಊರಿನದೇ ಉಳಿಯಿತು.

ಶಾಲು ಎಂದರೆ ಆ ಕಾಲದಲ್ಲಿ ಹೆಗಲಿನಿಂದ ನೆಲದವರೆಗೆ ಇಳಿಯುವ ದೊಡ್ಡ ತ್ರಿಕೋನ. ಅಷ್ಟಗಲದ್ದನ್ನು ಒಂದು ದಿಂಬಿನ ಮೇಲೆ ಒಬ್ಬಳೇ ಹೆಣೆಯುತ್ತ ಕೂತರೆ ವರ್ಷಗಟ್ಟಲೆ ಹಿಡಿದೀತು. ಅದಕ್ಕೆ ವಿನ್ಯಾಸವನ್ನು ಅಂಗೈಯಗಲದ ಪಟ್ಟಿಗಳಾಗಿ ಸೀಳಿ, ಒಂದೊಂದನ್ನೂ ಒಬ್ಬೊಬ್ಬ ಹೆಂಗಸಿಗೆ ಕೊಡುತ್ತಿದ್ದರು. ಪಟ್ಟಿಗಳೆಲ್ಲ ವಾಪಸು ಬಂದ ಮೇಲೆ ಇನ್ನೊಬ್ಬಳು ಸೂಜಿ ಹಿಡಿದು ಕೂರುತ್ತಿದ್ದಳು. ಎರಡು ಪಟ್ಟಿಗಳ ಅಂಚಿನ ಕಿಂಡಿಗಳನ್ನು ಒಂದೇ ಎಳೆಯಿಂದ, ಬಲೆಯ ಹೆಣಿಗೆಯನ್ನೇ ಅನುಕರಿಸುತ್ತ ಕೂಡಿಸಿಕೊಂಡು ಹೋಗುವುದು ಅವಳ ಕೆಲಸ. ಫ್ರೆಂಚರು ಇದನ್ನು ‘ರಕ್ರೊ’ ಎನ್ನುತ್ತಾರೆ. ಚೆನ್ನಾಗಿ ಮಾಡಿದ ರಕ್ರೊ ಬರಿಗಣ್ಣಿಗೆ ಕಾಣುವುದೇ ಇಲ್ಲ. ಭೂತಗನ್ನಡಿ ಹಿಡಿದು, ಕಿಂಡಿಗಳ ಸಾಲು ಎಲ್ಲಿ ಕೂದಲೆಳೆಯಷ್ಟು ಬಿಗಿಯಾಗಿದೆ ಎಂದು ಹುಡುಕಬೇಕು. ಶಾಲನ್ನು ಹೊದ್ದವಳ ಭಾವಚಿತ್ರ ಗ್ಯಾಲರಿಯಲ್ಲಿ ತೂಗುತ್ತದೆ; ಈ ಕೂಡುಗೆಲಸದವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಲೇಸಿನ ಚರಿತ್ರೆಯಲ್ಲಿ ಅತ್ಯಂತ ಮನ ನೋಯಿಸುವ ಸಂಗತಿ ಇದು.

ಭಾವಚಿತ್ರ ಎಂದಾಗ ಸ್ಪೇನಿನ ಚಿತ್ರಕಾರ ಗೋಯಾನನ್ನು ಬಿಡುವ ಹಾಗಿಲ್ಲ. 1797ರಲ್ಲಿ ಆತ ಬರೆದ ಆಲ್ಬಾದ ಡಚೆಸ್ ಚಿತ್ರ ಈಗ ನ್ಯೂಯಾರ್ಕಿನ ಹಿಸ್ಪಾನಿಕ್ ಸೊಸೈಟಿಯಲ್ಲಿದೆ. ತಲೆಯ ಮೇಲಿಂದ ಇಳಿಬಿದ್ದ ಮಂತಿಯಾ ಎಂಬ ಕಪ್ಪು ಲೇಸಿನ ಹೊದಿಕೆ, ಸೊಂಟಕ್ಕೆ ಕೆಂಪು ಪಟ್ಟಿ, ಕಾಲ ಬಳಿಯ ಮರಳಿಗೆ ಬೆರಳು ತೋರಿಸುತ್ತ ನಿಂತ ಹೆಂಗಸು. ಸ್ಪೇನಿನಲ್ಲಿ ಕಪ್ಪು ಲೇಸ್ ಸೂತಕದ ಗುರುತಷ್ಟೇ ಆಗಿರಲಿಲ್ಲ. ಚರ್ಚಿಗೂ ಹಬ್ಬಕ್ಕೂ ಮೆರೆಯುವುದಕ್ಕೂ ಅದನ್ನೇ ಹೊದೆಯುತ್ತಿದ್ದರು. ಇಂಗ್ಲೆಂಡಿನ ಕತೆ ಬೇರೆ. 1861ರ ಡಿಸೆಂಬರಿನಲ್ಲಿ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ 1901ರಲ್ಲಿ ತಾನು ಸಾಯುವವರೆಗೂ ಕಪ್ಪನ್ನೇ ಉಟ್ಟಳು. ಆ ನಾಲ್ಕು ದಶಕ ಕಪ್ಪು ಲೇಸಿಗೆ ಬೇಡಿಕೆ ತಂದವು ನಿಜ. ಆದರೆ ಕಪ್ಪು ಲೇಸ್ ಎಂದೊಡನೆ ವಿಧವೆಯೊಬ್ಬಳನ್ನೇ ನೆನೆಯುವ ರೂಢಿಯನ್ನೂ ಬಿಟ್ಟುಹೋದವು. ಗೋಯಾನ ಡಚೆಸ್‌ಳ ನಿಲುವು ನೋಡಿದವರು ಆ ರೂಢಿಯನ್ನು ಒಪ್ಪಲಾರರು.

ಇಷ್ಟೊಂದು ಕಪ್ಪು ಲೇಸ್ ಹೆಣೆದರೂ ಹಳೆಯದು ಉಳಿದದ್ದು ಕಡಿಮೆ. ಕಾರಣ ಬಣ್ಣದ ಬಾನಿಯಲ್ಲಿದೆ. ರಾಸಾಯನಿಕ ಬಣ್ಣಗಳು ಬರುವ ಮುಂಚೆ ಗಾಢ ಕಪ್ಪು ಬರಿಸಲು ಇದ್ದ ಮುಖ್ಯ ದಾರಿ ಒಗರು ಮತ್ತು ಕಬ್ಬಿಣದ ಕೂಟ. ಯುರೋಪಿನವರು ಮಾಚಿಕಾಯಿಯ ಒಗರಿಗೆ ಅನ್ನಭೇದಿ ಬೆರೆಸುತ್ತಿದ್ದರು. ನಮ್ಮವರು ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡಿಕೊಂಡದ್ದೂ, ಕಲಂಕಾರಿಯವರು ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸಿ ಕಪ್ಪು ಗೆರೆ ಎಳೆದದ್ದೂ ಇದೇ ರಸಾಯನದಿಂದ. ಕಪ್ಪೇನೋ ಸೊಗಸಾಗಿ ಬರುತ್ತದೆ. ಆದರೆ ಎಳೆಯೊಳಗೆ ಉಳಿದ ಕಬ್ಬಿಣ ಮತ್ತು ಆಮ್ಲ ಸುಮ್ಮನಿರುವುದಿಲ್ಲ. ಗಾಳಿಯ ಸಂಗದಲ್ಲಿ ವರ್ಷಾನುವರ್ಷ ರೇಷ್ಮೆಯನ್ನು ತಿನ್ನುತ್ತಲೇ ಇರುತ್ತವೆ. ಮೊದಲು ಕಪ್ಪು ಕಂದಾಗುತ್ತದೆ. ಆಮೇಲೆ ಎಳೆ ಗಡುಸಾಗಿ, ಮಡಿಕೆ ಬಿಡಿಸಿದರೆ ಪುಡಿಯಾಗಿ ಉದುರುತ್ತದೆ. ವಸ್ತುಸಂಗ್ರಹಾಲಯಗಳು ಇಂಥ ಲೇಸನ್ನು ಆಮ್ಲವಿಲ್ಲದ ಕಾಗದದ ನಡುವೆ, ಕತ್ತಲಲ್ಲಿ, ಮಡಿಸದೆ ಹಾಸಿಡುತ್ತವೆ. ಅದರಿಂದ ನಾಶ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಅದೇ ಕಾಲದ ಬಿಳಿ ನಾರಗಸೆಯ ಲೇಸ್ ಇಂದಿಗೂ ಗಟ್ಟಿಮುಟ್ಟಾಗಿದೆ.

ಹೆಣೆಯುವವರ ಕಣ್ಣಿನ ವಿಚಾರವೂ ಇದೆ. ಇಂಗ್ಲೆಂಡಿನ ಲೇಸ್ ಸೀಮೆಗಳಲ್ಲಿ ಚಳಿಗಾಲದ ಸಂಜೆ ಒಂದೇ ಮೇಣದಬತ್ತಿಯ ಸುತ್ತ ನೀರು ತುಂಬಿದ ಗಾಜಿನ ಬುರುಡೆಗಳನ್ನಿಟ್ಟು, ಅವುಗಳ ಮೂಲಕ ಬೆಳಕನ್ನು ಒಬ್ಬೊಬ್ಬರ ದಿಂಬಿನ ಮೇಲೂ ಬೀಳಿಸಿಕೊಳ್ಳುತ್ತಿದ್ದರು. ಬಿಳಿ ದಾರಕ್ಕೇ ಇಷ್ಟು ಏರ್ಪಾಡು ಬೇಕಿದ್ದರೆ ಕಪ್ಪಿನ ಪಾಡು ಊಹಿಸಬಹುದು. ಉತ್ತರ ಕರ್ನಾಟಕದ ಕಸೂತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸಿ ಗವಂತಿ, ಮುರ್ಗಿ ಹೊಲಿಗೆ ಹಾಕುವಾಗ ಕಣ್ಣು ಎಷ್ಟು ಬೇಗ ದಣಿಯುತ್ತದೆ ಎಂದು ಅವರಿಗೆ ಗೊತ್ತು. ಅಲ್ಲಿ ಹೊಲಿಯುವ ದಾರವಾದರೂ ಬಣ್ಣದ್ದು. ಕಪ್ಪು ಲೇಸಿನಲ್ಲಿ ಆ ಆಸರೆಯೂ ಇಲ್ಲ.

ಯಂತ್ರ ಬಂದದ್ದು ಬೇಗ. 1809ರಲ್ಲಿ ಜಾನ್ ಹೀತ್‌ಕೋಟ್ ಬಲೆ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ; 1841ರ ಹೊತ್ತಿಗೆ ಲೀವರ್ಸ್ ಎಂಬ ಲೇಸ್ ಯಂತ್ರಕ್ಕೆ ವಿನ್ಯಾಸ ಮೂಡಿಸುವ ಜಕಾರ್ಡ್ ಸಾಧನ ಜೋಡಿಸಿ ಹೂಬಳ್ಳಿಗಳನ್ನೂ ಮೂಡಿಸಿದರು. ಇಂದು ಶಾಂಟಿಯಿ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಹೆಚ್ಚುಕಡಿಮೆ ಎಲ್ಲವೂ ಯಂತ್ರದ್ದೇ. ಫ್ರಾನ್ಸಿನ ಕ್ಯಾಲೆ ಮತ್ತು ಕೊದ್ರಿಯಲ್ಲಿ ಆ ಲೀವರ್ಸ್ ಯಂತ್ರಗಳು ಈಗಲೂ ಓಡುತ್ತಿವೆ, ಅವುಗಳ ಲೇಸ್ ಚೆಂದವೂ ಹೌದು. ಕೈಯದನ್ನು ಗುರುತಿಸಲು ಹೂವಿನ ಸುತ್ತಲಿನ ದಪ್ಪ ಎಳೆಯನ್ನು ನೋಡಬೇಕು. ಕೈಹೆಣಿಗೆಯಲ್ಲಿ ಆ ಎಳೆ ಉಳಿದ ಎಳೆಗಳ ನಡುವೆ ನುಸುಳಿ ಸಾಗುತ್ತದೆ. ಯಂತ್ರದ್ದರಲ್ಲಿ ಒಂದು ಹೂವಿನಿಂದ ಇನ್ನೊಂದಕ್ಕೆ ಹಾರಿದ ಎಳೆಯನ್ನು ಕತ್ತರಿಸಿರುತ್ತಾರೆ. ಹೂವಿನಂಚಿನಲ್ಲಿ ಆ ಮೋಟು ತುದಿಗಳು ಉಳಿದಿರುತ್ತವೆ. ದೊಡ್ಡ ಶಾಲಿನಲ್ಲಿ ರಕ್ರೊ ಸಾಲುಗಳು ಸಿಕ್ಕಿದರೆ ಅನುಮಾನವೇ ಬೇಡ, ಅದು ಕೈಯದು.

ರಾಜಮನೆತನಗಳ ಆಚೆಗೆ, ತೀರಾ ಸಾಮಾನ್ಯ ಹೆಂಗಸರು ಕಪ್ಪು ಲೇಸನ್ನು ಬದುಕಾಗಿಸಿಕೊಂಡ ಊರೊಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಇಪ್ಸ್‌ವಿಚ್. ಹೊಸದಾಗಿ ಸ್ವತಂತ್ರವಾದ ದೇಶದಲ್ಲಿ ಏನೇನು ಉತ್ಪಾದನೆಯಾಗುತ್ತಿದೆ ಎಂದು ಖಜಾನೆಯ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮಾಹಿತಿ ಕೇಳಿದಾಗ, ಅಲ್ಲಿನ ಪಾದ್ರಿ ಜೋಸೆಫ್ ಡಾನಾ ಊರ ಲೇಸಿನ ಲೆಕ್ಕ ಹಾಕಿದರು. 1789ರ ಆಗಸ್ಟ್‌ನಿಂದ ಒಂದು ವರ್ಷದಲ್ಲಿ ಸುಮಾರು 600 ಹೆಂಗಸರು ಮತ್ತು ಹುಡುಗಿಯರು ಹೆಣೆದ ಲೇಸ್ ಮತ್ತು ಅಂಚುಪಟ್ಟಿ 41,979 ಗಜ. ತಲೆಗೆ ವರ್ಷಕ್ಕೆ 70 ಗಜದಷ್ಟು, ಅದೂ ಮನೆಗೆಲಸದ ನಡುವೆ. ಅದನ್ನು ಅಂಗಡಿಗೆ ಕೊಟ್ಟು ಮನೆಗೆ ಬೇಕಾದ ಸಾಮಾನು ತರುತ್ತಿದ್ದರು. ಅವರ ಬಾಬಿನ್‌ಗಳು ಬಿದಿರಿನವು, ಕೈಗೆ ಹಗುರ. ರೇಷ್ಮೆ ಎಳೆಗೆ ಭಾರದ ಬಾಬಿನ್ ಜಗ್ಗುವ ಅಗತ್ಯವೂ ಇರಲಿಲ್ಲ.

ಡಾನಾ ಲೆಕ್ಕದ ಜತೆ ಲೇಸಿನ ತುಂಡುಗಳನ್ನೂ ಲಗತ್ತಿಸಿದ್ದರು. ಜಾರ್ಜ್ ಕ್ಯಾಬಟ್ ಎಂಬವರು ಅವನ್ನು ಹ್ಯಾಮಿಲ್ಟನ್‌ಗೆ ತಲುಪಿಸಿದರು. ಸರ್ಕಾರಿ ಕಡತದಲ್ಲಿ ಸೇರಿಕೊಂಡದ್ದೇ ಆ ತುಂಡುಗಳ ಪುಣ್ಯ: 22 ಮಾದರಿಗಳು ಇಂದಿಗೂ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಉಟ್ಟು ಸವೆದು ಪುಡಿಯಾಗಬೇಕಿದ್ದ ಕಪ್ಪು ರೇಷ್ಮೆ, ಕಾಗದಗಳ ನಡುವೆ ಬೆಳಕು ಕಾಣದೆ ಮಲಗಿ ಬದುಕಿಕೊಂಡಿತು. ಊರಿನ ಕೈಗಸುಬು ಮಾತ್ರ ಬದುಕಲಿಲ್ಲ. 1820ರ ದಶಕದಲ್ಲಿ ಅಲ್ಲೇ ಲೇಸ್ ಯಂತ್ರಗಳು ಬಂದವು.

ಮಾರ್ಟಾ ಕಾಟರೆಲ್ ರಫೆಲ್ 2003ರಲ್ಲಿ ಇಪ್ಸ್‌ವಿಚ್ ಲೇಸಿನ ಕುರಿತು ಪುಸ್ತಕ ಬರೆದರು. ಆಮೇಲೆ ಕ್ಯಾರೆನ್ ಥಾಂಪ್ಸನ್ ಆ 22 ಮಾದರಿಗಳ ನಕ್ಷೆ ಮತ್ತು ಹೆಣಿಗೆಯ ದಾರಿಯನ್ನು ಬಿಡಿಸಿ, ಯಾರಾದರೂ ಹೆಣೆಯಬಹುದಾದ ಹಾಗೆ ಪುಸ್ತಕವಾಗಿಸಿದ್ದಾರೆ. ಮೊದಲ ಸಲ ಹೆಣೆಯುವವರು ಅತಿ ಕಿರಿದಾದ ಅಂಚುಪಟ್ಟಿಯೊಂದನ್ನು ಆರಿಸಿಕೊಂಡು, ಎಳೆಗಳ ಓಡಾಟ ಬೆರಳಿಗೆ ಕೂರುವವರೆಗೆ ಬಿಳಿ ದಾರದಲ್ಲೇ ಮಾಡಬೇಕು. ಕಪ್ಪಿಗೆ ಬಂದಾಗ ನಕ್ಷೆಯ ಕಾಗದ ಬಿಳಿ ಅಥವಾ ತಿಳಿಹಳದಿ ಇರಲಿ, ಕೆಲಸ ಹಗಲಿನಲ್ಲಿ ಕಿಟಕಿಯ ಪಕ್ಕ ನಡೆಯಲಿ. ತಪ್ಪಿದ್ದನ್ನು ಕಪ್ಪಿನಲ್ಲಿ ಬಿಚ್ಚುವುದು ಹೆಣೆಯುವುದಕ್ಕಿಂತ ಹೆಚ್ಚು ಹೊತ್ತಿನ ಕೆಲಸವಾದ್ದರಿಂದ, ಪ್ರತಿ ಗುಂಡುಸೂಜಿ ಚುಚ್ಚುವ ಮುನ್ನ ಹಿಂದಿನ ಸಾಲನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.