ತಿರುಗದ ಎಸೆತ: ರಾಜೇಶ್ವರಿ ಗಾಯಕವಾಡರ ಬೌಲಿಂಗ್ ನೋಡುವ ರಸಿಕರಿಗೊಂದು ಕೈಪಿಡಿ

ರಾಜೇಶ್ವರಿ ಗಾಯಕವಾಡ 1991ರ ಜೂನ್ 1ರಂದು ವಿಜಯಪುರದಲ್ಲಿ ಹುಟ್ಟಿದ ಎಡಗೈ ಸ್ಪಿನ್ನರ್. 2014ರ ಜನವರಿಯಲ್ಲಿ ಶ್ರೀಲಂಕಾ ವಿರುದ್ಧ ಭಾರತದ ಪರ ಮೊದಲ ಏಕದಿನ ಪಂದ್ಯ ಆಡಿದರು, ಅದೇ ತಿಂಗಳು ಮೊದಲ ಟಿ20. ನವೆಂಬರ್‌ನಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಮೊದಲ ಟೆಸ್ಟ್. ತಿರುಷ್ ಕಾಮಿನಿ 192, ಪೂನಂ ರಾವುತ್ 130 ಹೊಡೆದ ಆ ಟೆಸ್ಟನ್ನು ಭಾರತ ಒಂದು ಇನಿಂಗ್ಸ್ ಮತ್ತು 34 ರನ್‌ಗಳಿಂದ ಗೆದ್ದಿತು. ಅಂತರರಾಷ್ಟ್ರೀಯ ಕ್ರಿಕೆಟಿಗೆ ಕಾಲಿಟ್ಟ ವರ್ಷವೇ ಮೂರೂ ಮಾದರಿಗಳಲ್ಲಿ ಆಡುವ ಭಾಗ್ಯ ಮಹಿಳಾ ಕ್ರಿಕೆಟಿನಲ್ಲಿ ಅಪರೂಪ. ಆಗ ಟೆಸ್ಟ್ ಪಂದ್ಯವೇ ವರ್ಷಗಟ್ಟಲೆ ಇರುತ್ತಿರಲಿಲ್ಲ.

ಇದೆಲ್ಲ ದಾಖಲೆ ಪುಸ್ತಕದಲ್ಲಿ ಸಿಗುತ್ತದೆ. ಅವರ ಬೌಲಿಂಗನ್ನು ನೋಡುವ ವಿದ್ಯೆ ಮಾತ್ರ ಅವರ ಸ್ವಂತ ಊರಿನಲ್ಲೇ ವಿರಳ. 2017ರ ವಿಶ್ವಕಪ್ ಮುಗಿದ ಮೇಲೆ ಆಗ ಸಚಿವರೂ ಬಬಲೇಶ್ವರದ ಶಾಸಕರೂ ಆಗಿದ್ದ ಎಂ.ಬಿ. ಪಾಟೀಲರು ಅವರಿಗೆ ಕಾರು ಉಡುಗೊರೆ ಕೊಡಲು ಮುಂದಾದದ್ದು, ತಮಗೆ ಕಾರಿಗಿಂತ ಮನೆಯ ಅಗತ್ಯವಿದೆ ಎಂದು ಅವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಆ ಸುದ್ದಿ ವಿಜಯಪುರದ ಗಾಂಧಿ ಚೌಕದಿಂದ ತಿಕೋಟಾದ ಚಹಾದಂಗಡಿಯವರೆಗೆ ಇಂದಿಗೂ ನೆನಪಿದೆ. ಆ ಉಡುಗೊರೆಗೆ ಕಾರಣವಾದ ಐದು ವಿಕೆಟ್ ಯಾರ ವಿರುದ್ಧ ಬಂದವು, ಹೇಗೆ ಬಂದವು ಎಂದು ಕೇಳಿದರೆ ಉತ್ತರವಿಲ್ಲ. ಸಿಕ್ಸರಿಗೆ ಸಿಳ್ಳೆ ಹೊಡೆಯುವ ಪ್ರೇಕ್ಷಕರು ರಾಜ್ಯದ ಎಲ್ಲೆಡೆ ಇದ್ದಾರೆ. ಆದರೆ ಊರಿನ ಹಳೆಯ ಹೆಸರು ಹೊತ್ತ ಬಿಜಾಪುರ ಬುಲ್ಸ್ 2015ರಲ್ಲಿ ಮತ್ತೆ 2018ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಗೆದ್ದಾಗ ಕುಣಿದವರು ಊರಿನಲ್ಲೇ ಹುಟ್ಟಿ ಲಾರ್ಡ್ಸ್‌ನಲ್ಲಿ ಫೈನಲ್ ಆಡಿದವರ ಒಂದು ಓವರನ್ನೂ ಗಮನವಿಟ್ಟು ನೋಡಿಲ್ಲವೆಂದರೆ ಅದು ಬೇಸರದ ಸಂಗತಿ.

ಔಟಿನ ಬಗೆಗಳು, ಓವರಿನ ಲೆಕ್ಕ, ಫೀಲ್ಡರುಗಳ ಹೆಸರು ಇವೆಲ್ಲ ಇಲ್ಲಿ ಬೇಕಿಲ್ಲ. ಓಣಿಯ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ರಸಿಕರು ಕಲಿಯಬೇಕಾದದ್ದು ಒಂದೇ ಒಂದು ಎಸೆತವನ್ನು ಗುರುತಿಸುವುದು. ಅದು ತಿರುಗದ ಎಸೆತ, ಕ್ರಿಕೆಟಿನವರು ಆರ್ಮ್ ಬಾಲ್ ಎನ್ನುವುದು.

ಎಡಗೈ ಸ್ಪಿನ್ನರ್ ಸಾಮಾನ್ಯವಾಗಿ ಬಲಗೈ ಬ್ಯಾಟರಿಗೆ ವಿಕೆಟಿನ ಆಚೆ ಬದಿಯಿಂದ, ಅಂದರೆ ಬ್ಯಾಟರಿನ ಆಫ್ ಕಡೆಯಿಂದ ಎಸೆಯುತ್ತಾರೆ. ಚೆಂಡು ಗಾಳಿಯಲ್ಲಿ ಓರೆಯಾಗಿ ಒಳಬರುತ್ತದೆ. ತೋರುಬೆರಳು ಸೀಮನ್ನು, ಅಂದರೆ ಚೆಂಡಿನ ಹೊಲಿಗೆಯನ್ನು, ಬಲವಾಗಿ ತಿರುವಿದ್ದರೆ ನೆಲಕ್ಕೆ ಬಿದ್ದ ಮೇಲೆ ಹೊರಕ್ಕೆ ಹೋಗುತ್ತದೆ. ಇದು ನಿತ್ಯದ ಎಸೆತ. ಬ್ಯಾಟರಿಗೆ ಇದು ಗೊತ್ತಿರುತ್ತದೆ, ಬೌಲರಿಗೂ ಗೊತ್ತಿರುತ್ತದೆ. ನೋಡುಗರು ಚಪ್ಪಾಳೆ ತಟ್ಟುವುದು ಈ ತಿರುವಿಗೆ. ಚೆಂಡು ಅರ್ಧ ಗೇಣು ತಿರುಗಿ ಬ್ಯಾಟನ್ನು ತಪ್ಪಿಸಿ ಕೀಪರಿನ ಕೈಸೇರಿದಾಗ ಟಿವಿಯ ವಿವರಣೆಗಾರರು ಉದ್ಗರಿಸುತ್ತಾರೆ. ಆದರೆ ಬ್ಯಾಟನ್ನೂ ಸ್ಟಂಪನ್ನೂ ತಪ್ಪಿದ ಚೆಂಡಿಗೆ ವಿಕೆಟ್ ಸಿಗುವುದಿಲ್ಲ. ಅತಿಯಾಗಿ ತಿರುಗಿದ ಎಸೆತ ಚೆಂದ ಕಾಣುತ್ತದೆ, ಸ್ಕೋರ್ ಪುಸ್ತಕದಲ್ಲಿ ಒಂದು ಚುಕ್ಕಿಯಾಗಿ ಉಳಿಯುತ್ತದೆ.

ಆರ್ಮ್ ಬಾಲ್ ಎಸೆಯುವಾಗ ಓಟ, ತೋಳಿನ ಸುತ್ತು, ಕಾಲಿಡುವ ಜಾಗ ಯಾವುದೂ ಬದಲಾಗಬಾರದು. ಬದಲಾಗುವುದು ಬೆರಳು ಮಾತ್ರ. ತೋರುಬೆರಳು ಸೀಮನ್ನು ಬದಿಗೆ ತಿರುವುವ ಬದಲು ಅದರ ಹಿಂಬದಿಯಲ್ಲಿ ಕೆಳಗೆ ಜಾರುತ್ತದೆ. ಸೀಮ್ ನೆಟ್ಟಗೆ ನಿಂತು, ಫೈನ್ ಲೆಗ್ ಕಡೆಗೆ ಮುಖ ಮಾಡಿ ಬರುತ್ತದೆ. ಚೆಂಡು ಹೊಸದಾಗಿದ್ದರೆ ಗಾಳಿಯಲ್ಲೇ ಇನ್ನಷ್ಟು ಒಳಕ್ಕೆ ವಾಲುತ್ತದೆ. ಬಿದ್ದ ಮೇಲೆ ತಿರುಗುವುದಿಲ್ಲ, ಎದ್ದೇಳುವುದಿಲ್ಲ, ಜಾರಿಕೊಂಡು ನೇರ ಸ್ಟಂಪಿಗೆ ನುಗ್ಗುತ್ತದೆ. ಹೊರಕ್ಕೆ ಹೋಗುತ್ತದೆಂದು ಕಾದ ಬ್ಯಾಟು ಆಚೆ, ಪ್ಯಾಡು ಈಚೆ, ನಡುವೆ ಚೆಂಡಿಗೆ ದಾರಿ. ಆಗುವುದು ಬೌಲ್ಡ್ ಅಥವಾ ಎಲ್‌ಬಿಡಬ್ಲ್ಯು.

ಒಂದು ಓವರಿನ ಆರೂ ಎಸೆತ ಇಂಥವೇ ಆದರೆ ಮೂರನೆಯದನ್ನು ಬ್ಯಾಟರ್ ನೇರ ಬ್ಯಾಟಿನಲ್ಲಿ ಹೊಡೆಯುತ್ತಾರೆ. ಆದ್ದರಿಂದ ಈ ಕಲೆಯ ಮೂಲ ಇರುವುದು ಹಿಂದಿನ ಎಸೆತಗಳಲ್ಲಿ. ಎರಡು ಎಸೆತ ತಿರುಗಬೇಕು, ಮೂರನೆಯದು ಸ್ವಲ್ಪ ಹಿಂದೆ ಬಿದ್ದು ಬ್ಯಾಟರನ್ನು ಹಿಂಗಾಲಿಗೆ ತಳ್ಳಬೇಕು, ನಾಲ್ಕನೆಯದು ಅದೇ ಎತ್ತರದಿಂದ ಅದೇ ಕೈಯಿಂದ ಬಂದು ತಿರುಗದೆ ಹೋಗಬೇಕು. ನಾಲ್ಕನೆಯದನ್ನಷ್ಟೇ ನೋಡಿದವರಿಗೆ ಬ್ಯಾಟರ್ ಪೆದ್ದಾಗಿ ಔಟಾದಂತೆ ಕಾಣುತ್ತದೆ. ಮೊದಲ ಮೂರನ್ನೂ ನೋಡಿದವರಿಗೆ ಬೌಲರಿನ ಬುದ್ಧಿ ಕಾಣುತ್ತದೆ. ವಿಕೆಟ್ ಬಿದ್ದ ಎಸೆತವನ್ನಷ್ಟೇ ತೋರಿಸುವ ಮೊಬೈಲಿನ ತುಣುಕು ವಿಡಿಯೋಗಳು ಸ್ಪಿನ್ ಕಲೆಗೆ ಮಾಡಿದ ಅನ್ಯಾಯ ಸಣ್ಣದಲ್ಲ. ಅವುಗಳಲ್ಲಿ ಪರಿಣಾಮ ಇರುತ್ತದೆ, ಕಾರಣ ಇರುವುದಿಲ್ಲ.

ಈ ಕೈಪಿಡಿ ಬರೆದವರಿಗೆ ಈ ಎಸೆತದ ರುಚಿ ಹತ್ತಿದ್ದು 1999ರ ಸೆಪ್ಟೆಂಬರಿನಲ್ಲಿ, ಟಿವಿಯಲ್ಲಿ ನೈರೋಬಿಯ ಪಂದ್ಯ ನೋಡುವಾಗ. ಗದಗಿನ ಎಡಗೈ ಸ್ಪಿನ್ನರ್ ಸುನಿಲ್ ಜೋಶಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿನಲ್ಲಿ 6 ಮೇಡನ್ ಎಸೆದು, 6 ರನ್ ಕೊಟ್ಟು, 5 ವಿಕೆಟ್ ತೆಗೆದರು. ಆ ದಿನ ತಿರುಗಿದ ಎಸೆತಗಳಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ತಿರುಗಬಹುದಾಗಿದ್ದೂ ತಿರುಗದೆ ಬಂದವು. ಬ್ಯಾಟರುಗಳು ಮುಂದೆಯೂ ಬರಲಾರದೆ ಹಿಂದೆಯೂ ಹೋಗಲಾರದೆ ಕ್ರೀಸಿನಲ್ಲೇ ಕಟ್ಟಿಹಾಕಿದಂತಾದರು. ಅದಕ್ಕೂ ಹಿಂದಿನ ತಲೆಮಾರಿನವರು ಕರ್ನಾಟಕದ ಎಡಗೈ ಸ್ಪಿನ್ನರ್ ರಘುರಾಮ ಭಟ್ಟರ ಹೆಸರು ಹೇಳುತ್ತಾರೆ. 1981–82ರ ರಣಜಿ ಸೆಮಿಫೈನಲಿನಲ್ಲಿ ಬೆಂಗಳೂರಿನಲ್ಲಿ ಅವರು ಮುಂಬಯಿ ವಿರುದ್ಧ ಹ್ಯಾಟ್ರಿಕ್ ಪಡೆದರು. ಎರಡನೇ ಇನಿಂಗ್ಸಿನಲ್ಲಿ ಸುನಿಲ್ ಗಾವಸ್ಕರ್ ಭಟ್ಟರ ಹೊರತಿರುವನ್ನು ಎದುರಿಸಲು ಎಡಗೈಯಲ್ಲಿ ಬ್ಯಾಟ್ ಹಿಡಿದರು. ಎಡಗೈ ಸ್ಪಿನ್ ಎಂಥ ಬ್ಯಾಟರನ್ನು ಎಲ್ಲಿಗೆ ತಂದು ನಿಲ್ಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮಹಿಳಾ ಕ್ರಿಕೆಟಿನಲ್ಲಿ ಈ ಪರಂಪರೆ ಇನ್ನೂ ಗಟ್ಟಿ. ಡಯಾನಾ ಎಡುಲ್ಜಿ ಇದ್ದರು. ಅವರ ನಂತರ ಬಂದ ನೀತು ಡೇವಿಡ್ 1995ರಲ್ಲಿ ಜಮ್ಶೆಡ್‌ಪುರದಲ್ಲಿ ಇಂಗ್ಲೆಂಡ್ ವಿರುದ್ಧ ಒಂದೇ ಇನಿಂಗ್ಸಿನಲ್ಲಿ 53 ರನ್ನಿಗೆ 8 ವಿಕೆಟ್ ಪಡೆದರು. ರಾಜೇಶ್ವರಿಯವರ ಕಾಲದಲ್ಲೇ ಏಕ್ತಾ ಬಿಷ್ಟ್ ಇದ್ದರು, ಒಂದೇ ಸ್ಥಾನಕ್ಕೆ ಇಬ್ಬರೂ ಸ್ಪರ್ಧಿಗಳು.

ವಿಜಯಪುರ ಸೀಮೆಯ ನೋಡುಗರಿಗೆ ಈ ಕಲೆ ಕಣ್ಣಿಗೆ ಬೀಳದಿರಲು ಒಂದು ಕಾರಣವಿದೆ, ಅದು ಟೆನಿಸ್ ಬಾಲ್. ತಿಕೋಟಾ, ಬಬಲೇಶ್ವರದ ಕಡೆ ಸುಗ್ಗಿ ಮುಗಿದ ಮೇಲೆ ಗಟ್ಟಿ ನೆಲದಲ್ಲಿ ನಡೆಯುವ ಟೂರ್ನಮೆಂಟುಗಳೆಲ್ಲ ಟೆನಿಸ್ ಬಾಲಿನವು. ಅದಕ್ಕೆ ಎದ್ದುನಿಂತ ಸೀಮ್ ಇಲ್ಲ, ತೂಕವಿಲ್ಲ, ಹೊಳಪಿಲ್ಲ. ಗಾಳಿಯಲ್ಲಿ ವಾಲಿಸುವ, ಸೀಮಿನ ಮೇಲೆ ಬೀಳಿಸುವ ಆಟ ಅದರಲ್ಲಿ ನಡೆಯುವುದಿಲ್ಲ. ಬೌಲರುಗಳು ಚಪ್ಪಟೆಯಾಗಿ ಎಸೆಯುತ್ತಾರೆ, ಬ್ಯಾಟರುಗಳು ಕಣ್ಣುಮುಚ್ಚಿ ಬೀಸುತ್ತಾರೆ, ಮೈಕು ಹಿಡಿದವರು ಸಿಕ್ಸರಿಗೆ ಬಹುಮಾನ ಕೂಗುತ್ತಾರೆ. ಇಂಥ ಆಟ ನೋಡಿ ಬೆಳೆದ ಕಣ್ಣು ಲೆದರ್ ಬಾಲಿನ ಸ್ಪಿನ್ನಿನಲ್ಲಿ ಏನನ್ನೂ ಕಾಣದು. ಅದೇ ನೆಲದ ಗುಣ ಮಾತ್ರ ಸ್ಪಿನ್ನರಿಗೆ ಹೇಳಿಮಾಡಿಸಿದ್ದು. ಇಲ್ಲಿನ ಎರೆ ಮಣ್ಣಿನಲ್ಲಿ, ಅಂದರೆ ಕರಿಮಣ್ಣಿನಲ್ಲಿ, ಜೇಡಿ ಅಂಶ ಹೆಚ್ಚು. ತೇವ ಆರಿದರೆ ಬಿರುಕು ಬಿಡುತ್ತದೆ. ಕರಿಮಣ್ಣಿನ ಪಿಚ್ ಒಣಗಿದಾಗ ಚೆಂಡು ನಿಧಾನವಾಗಿ ತಿರುಗುತ್ತದೆ, ಕೆಳಗೇ ಉಳಿಯುತ್ತದೆ. ಕೆಂಪು ಮಣ್ಣಿನದು ಚೆಂಡನ್ನು ಎತ್ತಿ ಪುಟಿಸುತ್ತದೆ. ಕೆಳಗೆ ಉಳಿಯುವ ಪಿಚ್ಚಿನಲ್ಲಿ ಆರ್ಮ್ ಬಾಲಿನಷ್ಟು ಅಪಾಯದ ಎಸೆತ ಮತ್ತೊಂದಿಲ್ಲ.

ಮಹಿಳಾ ಕ್ರಿಕೆಟಿನ ಚೆಂಡು 140ರಿಂದ 151 ಗ್ರಾಂ ತೂಗುತ್ತದೆ. ಪುರುಷರದ್ದು ಸುಮಾರು 156ರಿಂದ 163 ಗ್ರಾಂ. ಚೆಂಡು ಹಗುರ, ವೇಗ ಕಡಿಮೆ, ಹೀಗಾಗಿ ಬ್ಯಾಟರಿಗೆ ತೀರ್ಮಾನಿಸಲು ಹೆಚ್ಚು ಹೊತ್ತು ಸಿಗುತ್ತದೆ. ಅಷ್ಟು ಹೊತ್ತು ಸಿಕ್ಕ ಬ್ಯಾಟರನ್ನು ವಂಚಿಸಬೇಕಾದರೆ ಕೈಚಳಕ ಇನ್ನೂ ಸೂಕ್ಷ್ಮವಾಗಿರಬೇಕು. ಮಹಿಳೆಯರ ಆಟ ನಿಧಾನವೆಂದು ಚಾನೆಲ್ ಬದಲಿಸುವವರು ಸ್ಪಿನ್ ಕಲಿಯಲು ಇರುವ ಅತ್ಯುತ್ತಮ ಶಾಲೆಯ ಬಾಗಿಲನ್ನೇ ಮುಚ್ಚಿಕೊಳ್ಳುತ್ತಿದ್ದಾರೆ. ಈ ಆಟದಲ್ಲಿ ಸೀಮ್ ಬರಿಗಣ್ಣಿಗೆ ಕಾಣುತ್ತದೆ.

ರಾಜೇಶ್ವರಿಯವರದ್ದು ಎತ್ತರಕ್ಕೆ ತೂರಿ ಆಸೆ ಹುಟ್ಟಿಸುವ ಶೈಲಿಯಲ್ಲ. ಓಟ ಚಿಕ್ಕದು, ಎಸೆತ ಚುರುಕು, ಗುರಿ ಸ್ಟಂಪು. ಸ್ಪಿನ್ನರುಗಳು ಹಿಂಜರಿಯುವ ಮೊದಲ ಹತ್ತು ಓವರುಗಳಲ್ಲಿ ನಾಯಕಿಯರು ಅವರ ಕೈಗೆ ಚೆಂಡು ಕೊಟ್ಟದ್ದು ಇದೇ ಕಾರಣಕ್ಕೆ. ಹೊಸ ಚೆಂಡು ಜಾರುತ್ತದೆ, ಫೀಲ್ಡರುಗಳು ವೃತ್ತದೊಳಗಿದ್ದಾರೆಂದು ಬ್ಯಾಟರ್ ಹೊಡೆಯಲು ಹಾತೊರೆಯುತ್ತಾರೆ, ನೇರ ಎಸೆತಕ್ಕೆ ಆಗ ಎರಡು ಪಟ್ಟು ಬೆಲೆ.

2017ರ ಜುಲೈ 15ರಂದು ಡರ್ಬಿಯಲ್ಲಿ ನಡೆದ ನ್ಯೂಜಿಲೆಂಡ್ ಪಂದ್ಯವನ್ನು ಪಠ್ಯವೆಂದೇ ಓದಬೇಕು. ಗೆದ್ದವರು ವಿಶ್ವಕಪ್ ಸೆಮಿಫೈನಲಿಗೆ, ಸೋತವರು ಮನೆಗೆ. ಭಾರತ ಹಿಂದಿನ ಎರಡು ಪಂದ್ಯ ಸೋತು ಬಂದಿತ್ತು. ಮಿಥಾಲಿ ರಾಜ್ 109 ಹೊಡೆದರು, ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70. ಮೊತ್ತ 7 ವಿಕೆಟಿಗೆ 265. ಏಕ್ತಾ ಬಿಷ್ಟ್ ಬದಲಿಗೆ ರಾಜೇಶ್ವರಿಗೆ ಅವಕಾಶ ಸಿಕ್ಕಿತ್ತು, ಆ ವಿಶ್ವಕಪ್ಪಿನಲ್ಲಿ ಅದೇ ಅವರ ಮೊದಲ ಪಂದ್ಯ. ಮೂರು ವಾರ ಬೆಂಚಿನ ಮೇಲೆ ಕೂತ ಬೌಲರಿಗೆ ಬೆರಳು ಮಾತು ಕೇಳುವುದೇ ಕಷ್ಟ. ಜೂಲನ್ ಗೋಸ್ವಾಮಿ, ಶಿಖಾ ಪಾಂಡೆ ಆರಂಭದಲ್ಲೇ ಒಂದೊಂದು ವಿಕೆಟ್ ಕಿತ್ತುಕೊಟ್ಟರು. ರಾಜೇಶ್ವರಿ ಬಂದ ಮೇಲೆ ನ್ಯೂಜಿಲೆಂಡಿಗೆ ಉಸಿರಾಡಲು ಜಾಗ ಸಿಗಲಿಲ್ಲ. 7.3 ಓವರ್, 15 ರನ್, 5 ವಿಕೆಟ್. 45 ಎಸೆತಗಳಲ್ಲಿ 15 ರನ್ನೆಂದರೆ ಬ್ಯಾಟರುಗಳು ಹೆಚ್ಚಿನ ಎಸೆತಗಳನ್ನು ಸುಮ್ಮನೆ ತಡೆದು ನಿಂತರು ಎಂದರ್ಥ. ಹೀಗೆ ತಡೆಯುತ್ತ ಹೋಗುವ ಕೈಗೆ ಅವಸರ ಹುಟ್ಟುತ್ತದೆ, ಅವಸರದ ಕೈಗೆ ನೇರ ಎಸೆತ ಕಾಣುವುದಿಲ್ಲ. ನ್ಯೂಜಿಲೆಂಡ್ 25.3 ಓವರಿನಲ್ಲಿ 79ಕ್ಕೆ ಮುಗಿಯಿತು, ಭಾರತಕ್ಕೆ 186 ರನ್ ಗೆಲುವು. ದಾಖಲೆಯಲ್ಲಿ ಶತಕದ ಹೆಸರೇ ಮೊದಲು ಬರುತ್ತದೆ, ಆದರೆ ಆ ದಿನ ಎದುರಾಳಿಯನ್ನು ಮಂಡಿಯೂರಿಸಿದ್ದು ವಿಜಯಪುರದ ಬೆರಳು.

ಸೆಮಿಫೈನಲ್ ಹರ್ಮನ್‌ಪ್ರೀತ್ ಕೌರ್ ಅವರ ಅಜೇಯ 171ರದ್ದು, ಅಲ್ಲಿ ಬೌಲರುಗಳಿಗೆ ಮಾತಿಲ್ಲ. ಜುಲೈ 23ರ ಲಾರ್ಡ್ಸ್ ಫೈನಲಿನಲ್ಲಿ ಇಂಗ್ಲೆಂಡಿನ ಆರಂಭಿಕ ಜೋಡಿ 47 ರನ್ ಸೇರಿಸಿ ಗಟ್ಟಿಯಾಗುತ್ತಿದ್ದಾಗ ಲಾರೆನ್ ವಿನ್‌ಫೀಲ್ಡ್ ಅವರನ್ನು ಬೌಲ್ಡ್ ಮಾಡಿ ಬಾಗಿಲು ತೆರೆದವರು ರಾಜೇಶ್ವರಿ. ಇಂಗ್ಲೆಂಡ್ 7 ವಿಕೆಟಿಗೆ 228, ಭಾರತ 219. ಒಂಬತ್ತು ರನ್ ಸೋಲು. ಆನ್ಯಾ ಶ್ರಬ್‌ಸೋಲ್ ಅವರ ಎಸೆತಕ್ಕೆ ಕೊನೆಯ ವಿಕೆಟಾಗಿ ಬೌಲ್ಡ್ ಆದವರೂ ರಾಜೇಶ್ವರಿಯೇ. ಹನ್ನೊಂದನೆಯವರಾಗಿ ಬಂದವರ ಮೇಲೆ ಆ ಸೋಲನ್ನು ಹೊರಿಸಿ ಮಾತಾಡುವುದು ಅಜ್ಞಾನ. ಭಾರತ ಕುಸಿದದ್ದು 3 ವಿಕೆಟಿಗೆ 191 ಇದ್ದಾಗಿನಿಂದ.

ಆಮೇಲಿನವನ್ನು ಬೇಗ ಹೇಳಬಹುದು. 2021ರ ಮಾರ್ಚಿನಲ್ಲಿ ಲಖನೌದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಟಿ20ಯಲ್ಲಿ 4 ಓವರ್, 9 ರನ್, 3 ವಿಕೆಟ್. ಚುಟುಕು ಆಟದಲ್ಲಿ ಸ್ಪಿನ್ನಿಗೆ ಬೆಲೆಯಿಲ್ಲ ಎನ್ನುವವರು ಈ ಲೆಕ್ಕ ನೋಡಬೇಕು. 2022ರ ಮಾರ್ಚ್ 6ರಂದು ಮೌಂಟ್ ಮೌಂಗಾನುಯಿಯಲ್ಲಿ ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಪಂದ್ಯ. ಪಾಕಿಸ್ತಾನ 137ಕ್ಕೆ ಆಲೌಟ್, ರಾಜೇಶ್ವರಿಗೆ 31 ರನ್ನಿಗೆ 4 ವಿಕೆಟ್. ಆ ದಿನ ಕೀಪರ್ ರಿಚಾ ಘೋಷ್ ಐವರನ್ನು ಔಟ್ ಮಾಡುವಲ್ಲಿ ಪಾಲುಗೊಂಡರು. ಸ್ಪಿನ್ ನೋಡಲು ಕಲಿಯುವವರು ಇಂಥ ಪಂದ್ಯದಲ್ಲಿ ಬ್ಯಾಟರನ್ನು ಬಿಟ್ಟು ಕೀಪರನ್ನೇ ನೋಡುತ್ತ ಕೂರುವುದು ಒಳ್ಳೆಯ ಅಭ್ಯಾಸ. ಯಾವ ಎಸೆತ ತಿರುಗುತ್ತದೆ, ಯಾವುದು ತಿರುಗದು ಎಂದು ಮೊದಲು ತಿಳಿಯುವುದು ಕೀಪರಿನ ಗ್ಲೌಸಿಗೆ. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಶ್ರೀಲಂಕಾವನ್ನು ಮಣಿಸಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ಮಹಿಳಾ ಪ್ರೀಮಿಯರ್ ಲೀಗಿನಲ್ಲಿ ಯುಪಿ ವಾರಿಯರ್ಸ್ ಪರ ಆಡಿದರು.

ಹೊಸಬರು ಡರ್ಬಿಯ ಪಂದ್ಯದಿಂದ ಶುರು ಮಾಡಲಿ. ಟಿವಿಯ ಧ್ವನಿ ಆರಿಸಿ, ಸ್ಕೋರು ಮರೆತು, ಒಂದು ಪೂರ್ತಿ ಓವರನ್ನು ಬೆರಳಿನ ಮೇಲೆ ಕಣ್ಣಿಟ್ಟು ನೋಡಲಿ. ಮತ್ತೆ ಅದೇ ಓವರನ್ನು ಬ್ಯಾಟರಿನ ಮುಂಗಾಲಿನ ಮೇಲೆ ಕಣ್ಣಿಟ್ಟು ನೋಡಲಿ. ಕಾಲು ಎಲ್ಲಿ ಬಿದ್ದಾಗ ಚೆಂಡು ಒಳನುಗ್ಗಿತು ಎಂಬುದು ಆಗ ತಾನಾಗಿ ತಿಳಿಯುತ್ತದೆ. ಇದರ ಮುಂದಿನ ಪಾಠ ಟಿವಿಯಲ್ಲಿಲ್ಲ. ವಿಜಯಪುರದ ಮೈದಾನದಲ್ಲಿ ಹುಡುಗಿಯರು ಲೆದರ್ ಬಾಲಿನಲ್ಲಿ ಆಡುವ ದಿನ, ನೆಟ್ಸ್ ಅಭ್ಯಾಸವಾದರೂ ಸರಿಯೇ, ಹೋಗಿ ಬೌಲರಿನ ತುದಿಯ ಹಿಂದೆ ನಿಲ್ಲಲಿ. ತಿಕೋಟಾ, ಬಬಲೇಶ್ವರದಲ್ಲಿ ಟೂರ್ನಮೆಂಟ್ ನಡೆಸುವವರು ವರ್ಷಕ್ಕೊಂದಾದರೂ ಮ್ಯಾಟು ಹಾಸಿ ಲೆದರ್ ಬಾಲಿನ ಪಂದ್ಯ ಇಡಲಿ, ಅದರಲ್ಲಿ ಹುಡುಗಿಯರ ತಂಡಕ್ಕೂ ಜಾಗ ಕೊಡಲಿ. ಸಿಕ್ಸರಿಗೆ ಇಡುವ ಬಹುಮಾನದ ಅರ್ಧವನ್ನು ಮೇಡನ್ ಓವರಿಗೆ ಇಡಲಿ.